ಹದಿಮೂರು ಗುಂಡಿಯ ಚೆನ್ನೆಮಣೆ

ನನ್ನ ಜೊತೆಗಾತಿ ಜುಬೈದಾ,

ನೀನು ಹೋದ ಮೇಲೆ ಇದು ನಾಲ್ಕನೆಯ ಮಳೆಗಾಲ. ಇಷ್ಟು ದಿನ ನಿನಗೆ ಬರೆಯಬೇಕೆಂದು ಅನ್ನಿಸಿರಲಿಲ್ಲ. ಸತ್ತವರಿಗೆ ನಮ್ಮಲ್ಲಿ ಎಡೆ ಇಡುತ್ತಾರೆ, ನಿಮ್ಮಲ್ಲಿ ದುವಾ ಮಾಡುತ್ತಾರೆ. ಕಾಗದ ಬರೆಯುವ ಕ್ರಮ ಎರಡೂ ಕಡೆ ಇಲ್ಲ. ಆದರೆ ಕಳೆದ ತಿಂಗಳು ಮೂಡುಬಿದಿರೆಯಲ್ಲಿ, ನೀನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ನಡೆದದ್ದನ್ನು ನಿನಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ತಪ್ಪು ಹುಡುಕಬೇಡ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಅರ್ಧ ಸಿಟ್ಟು ನಿನ್ನ ಪಿಎಚ್.ಡಿ. ಗೈಡ್ ಸರ್ ಮೇಲೆ. ಇನ್ನರ್ಧ ನಿನ್ನ ಮೇಲೆಯೇ.

ಗುರುವಾಯನಕೆರೆಯ ನಮ್ಮ ಮನೆಯ ಜಗಲಿ ನೆನಪುಂಟಾ ನಿನಗೆ? ನಿನ್ನ ತಂದೆಯ ಬಟ್ಟೆ ಅಂಗಡಿ ರಸ್ತೆಯ ಆಚೆ, ನಮ್ಮ ಮನೆ ಈಚೆ. ಆಟಿ ತಿಂಗಳ ಮಳೆಗೆ ಶಾಲೆಗೆ ರಜೆ ಸಿಕ್ಕಿದರೆ ನೀನು ತಲೆಗೆ ಗೋಣಿ ಹಾಕಿಕೊಂಡು ಓಡಿ ಬರುತ್ತಿದ್ದೆ. ಅಮ್ಮ ಅಟ್ಟದಿಂದ ಚೆನ್ನೆಮಣೆ ಇಳಿಸಿ, ಗುಂಡಿಗೆ ಹಂಚಿ ಆಡಲು ಬೀಜವನ್ನೂ ಕೊಡುತ್ತಿದ್ದರು. ಊರಿನ ಎಲ್ಲರ ಮಣೆಗೂ ಏಳೇಳರ ಎರಡು ಸಾಲು, ಒಟ್ಟು ಹದಿನಾಲ್ಕು ಗುಂಡಿ. ನಮ್ಮ ಮಣೆಗೆ ಮಾತ್ರ ಹದಿಮೂರು. ಮೂಲೆಯ ಒಂದು ಗುಂಡಿಯ ತಳ ಬಿರಿದು ಬೀಜ ಕೆಳಗೆ ಬೀಳುತ್ತಿತ್ತು ಎಂದು ಅಪ್ಪ ಅದಕ್ಕೆ ಹಲಸಿನ ಮೇಣ ತುಂಬಿಸಿ ಸಪಾಟು ಮಾಡಿಬಿಟ್ಟಿದ್ದರು. ಆ ಮುಚ್ಚಿದ ಗುಂಡಿಗೆ ಬಂದ ಬೀಜ ಯಾರದು ಎಂದು ನಾವಿಬ್ಬರೂ ಜಡೆ ಹಿಡಿದು ಜಗಳವಾಡಿದ್ದೇವೆ. ಕೊನೆಗೆ ನಿಯಮ ಮಾಡಿದವಳು ನೀನೇ: ಮುಚ್ಚಿದ ಗುಂಡಿಗೆ ಬಂದ ಬೀಜ ಇಬ್ಬರದೂ, ಮುಂದಿನ ಕೈ ಆಡಿದ ಮೇಲೆಯೇ ಅದು ಯಾರದೆಂದು ತಿಳಿಯುವುದು. ಈ ಭೂಮಿಯ ಮೇಲೆ ಹಾಗೆ ಚೆನ್ನೆ ಆಡಿದವರು ನಾವಿಬ್ಬರೇ.

ಏಳನೆಯ ಕ್ಲಾಸಿನ ಫಲಿತಾಂಶ ಬಂದ ದಿನ ನಿನ್ನ ಕಡೆಯವರೆಲ್ಲ ಅಂಗಡಿಯಲ್ಲಿ ಸೇರಿ, ಹುಡುಗಿಗೆ ಇನ್ನು ಶಾಲೆ ಸಾಕು ಎಂದರು. ನಿನ್ನ ತಂದೆ ಬಟ್ಟೆ ಅಳೆಯುತ್ತ ಅಳೆಯುತ್ತ, "ಅವಳು ಕಲೀತಾಳೆ, ನಾನು ಕಲಿಸ್ತೇನೆ, ನೀವು ಚಾ ಕುಡಿದು ಹೋಗಿ" ಎಂದರಂತೆ. ನಮ್ಮ ಮನೆಯಲ್ಲಿ ಯಾರೂ ಸೇರಲಿಲ್ಲ, ಯಾರೂ ಏನೂ ಹೇಳಲಿಲ್ಲ. ನಾನು ಸುಮ್ಮನೆ ಶಾಲೆ ಬಿಟ್ಟೆ. ಅದಕ್ಕೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೀನು ಬಿ.ಎಸ್ಸಿ. ಮಾಡಿ, ಎಂ.ಎಸ್ಸಿ. ಮಾಡಿ, ಮೂಡುಬಿದಿರೆಯಲ್ಲಿ ಫಿಸಿಕ್ಸ್ ಲೆಕ್ಚರರ್ ಆದೆ ಎಂದು ಕೇಳಿದಾಗ, ಪುತ್ತಿಗೆಯ ಗಂಡನ ಮನೆಯಲ್ಲಿ ನಾನು ದೇವರಿಗೆ ಒಂದು ತೆಂಗಿನಕಾಯಿ ಒಡೆದಿದ್ದೆ. ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ತೊಂಬತ್ತರ ಈಚೆಗೆ ಇರಬೇಕು, ಒಂದು ಶನಿವಾರ ಮಧ್ಯಾಹ್ನ ನೀನು ಉಕ್ಕಿನ ಫ್ಲಾಸ್ಕ್ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದೆ. ಇವರು ಹಾಲಿನ ಸೊಸೈಟಿಯಲ್ಲಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸದಲ್ಲಿದ್ದರಲ್ಲ, ಹೋರಿಯ ವೀರ್ಯದ ಕಡ್ಡಿಗಳನ್ನು ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿಡುವ ದೊಡ್ಡ ಜಾಡಿ ನಮ್ಮ ಚಾವಡಿಯ ಮೂಲೆಯಲ್ಲೇ ಇರುತ್ತಿತ್ತು. ನಿನಗೆ ಬೇಕಾದದ್ದು ಆ ಜಾಡಿಯ ಚಳಿ. ಮಂಗಳೂರಿನಿಂದ ತಂದರೆ ಬಸ್ಸಿನಲ್ಲೇ ಅರ್ಧ ಆವಿಯಾಗುತ್ತದೆ ಎಂದೆ ನೀನು. ಚೀಲದಿಂದ ಹೊಗೆ ಬರುವುದನ್ನು ಕಂಡ ಕಂಡಕ್ಟರು ನಿನ್ನನ್ನು ಎರಡು ಸಲ ದಾರಿಯಲ್ಲೇ ಇಳಿಸಿದ್ದನಂತೆ.

"ಭಾವ, ಒಂದು ಫ್ಲಾಸ್ಕ್ ಕೊಡ್ತೀರಾ?" ಎಂದು ನೀನು ಕೇಳಿದೆ.

"ಟೀಚರೇ, ಇದು ಹೋರಿಗಳ ಹಾಸ್ಟೆಲ್. ನಿಮಗೆ ಇಲ್ಲಿ ಎಂತ ಕೆಲಸ?"

"ಹೋರಿ ನಿಮಗೇ ಇರಲಿ ಭಾವ. ನನಗೆ ತಣ್ಣಗಿನದ್ದು ಮಾತ್ರ ಸಾಕು."

ಇವರು ನಕ್ಕು ನಕ್ಕು ಜಾಡಿಯ ಮುಚ್ಚಳ ತೆಗೆದರು. ಆಮೇಲೆ ಹತ್ತು ವರ್ಷ, ತಿಂಗಳಿಗೊಮ್ಮೆ ಜಾಡಿ ತುಂಬಿಸುವ ಗಾಡಿ ಬಂದ ಮರುದಿನ ನೀನು ಬರುತ್ತಿದ್ದೆ. ಹಾಲು ತರುವ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು, "ಮದುವೆ ಬೇಡ ಅಂತ ಕೂತ ಟೀಚರು ಹೋರಿಯ ಜಾಡಿ ಹುಡುಕಿಕೊಂಡು ಬರ್ತಾರಲ್ಲ ವಸಂತಿ" ಎನ್ನುತ್ತಿದ್ದರು. ಸೊಸೈಟಿಗೆ ಹಾಲು ಅಳೆದುಕೊಳ್ಳುತ್ತಿದ್ದ ನಾನು ಅವರ ಹಾಲಿಗೆ ನೀರಳೆಯುವ ಕೊಳವೆ ಇಳಿಸಿ, "ನಿಮ್ಮ ಹಾಲಿನಲ್ಲಿ ಬಾವಿ ಕಾಣ್ತದೆ, ಅದನ್ನು ಮೊದಲು ಹೇಳಿ" ಎನ್ನುತ್ತಿದ್ದೆ.

ಆ ಮೊದಲ ದಿನವೇ ಅಲ್ಲವಾ ನೀನು ಜಗಲಿಯಲ್ಲಿ ತೋರಿಸಿದ್ದು? ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಎಳ್ಳಿನ ಚಿಕ್ಕಿಯ ಹಾಗಿದ್ದ ಒಂದು ಕಪ್ಪು ಬಿಲ್ಲೆ. ಪುಡಿಗಳನ್ನು ಅರೆದು, ಒತ್ತಿ, ಕಾಲೇಜಿನ ಕುಲುಮೆಯಲ್ಲಿ ನೀನೇ ಬೇಯಿಸಿದ್ದು. ಮೇಲಿಂದ ನೈಟ್ರೋಜನ್ ಸುರಿದೆ. ಹೊಗೆ ಅಂಗಳದವರೆಗೆ ಹರಿಯಿತು. ಚಿಕ್ಕದೊಂದು ಅಯಸ್ಕಾಂತವನ್ನು ಮೇಲೆ ಇಟ್ಟೆ. ಅದು ಬಿಲ್ಲೆಯನ್ನು ಮುಟ್ಟದೆ ಗಾಳಿಯಲ್ಲಿ ನಿಂತಿತು. ನಾನು ಕೈ ಮುಗಿದೆ. "ಕೈ ಮುಗಿಯುವುದು ಆಮೇಲೆ ಮಾರಾಯ್ತಿ, ಮೊದಲು ಕೈ ಹಾಕಿ ನೋಡು" ಎಂದೆ ನೀನು. ನಾನು ಸುತ್ತಲೂ ಬೆರಳಾಡಿಸಿದೆ, ನೂಲಿಲ್ಲ, ಕಡ್ಡಿಯಿಲ್ಲ. ಆಮೇಲೆ ನೀನು ಅಯಸ್ಕಾಂತವನ್ನು ಹಿಡಿದು ಮೇಲೆತ್ತಿದರೆ ಬಿಲ್ಲೆಯೂ ಅದರ ಕೆಳಗೆ, ಮುಟ್ಟದೆ, ಜೊತೆಗೇ ಎದ್ದು ಬಂತು. ಇವರು ಜಾಡಿಯನ್ನು ಮರೆತು ನಿಂತುಬಿಟ್ಟರು.

"ಇದು ತಳ್ಳುವುದು ಮಾತ್ರ ಅಲ್ಲ, ಹಿಡಿಯುವುದೂ ಉಂಟು" ಎಂದು ನೀನು ನನಗೆ ಬಿಡಿಸಿ ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ. ಈ ಬಿಲ್ಲೆಗೆ ಅತಿವಾಹಕ ಎಂದು ಹೆಸರು. ಚಳಿಯಾದಾಗ ಕರೆಂಟು ಅದರಲ್ಲಿ ಸ್ವಲ್ಪವೂ ಸೋರದೆ ಓಡುತ್ತದೆ. ಅಯಸ್ಕಾಂತದ ಬಲ ಅದರೊಳಗೆ ಸಣ್ಣ ಸಣ್ಣ ಎಳೆಯಾಗಿ ಇಳಿಯುತ್ತದೆ. ಎಲ್ಲ ಎಳೆಯೂ ಒಂದೇ ಗಾತ್ರ, ಅರ್ಧ ಎಳೆ ಎಂಬುದಿಲ್ಲ. ಬಿಲ್ಲೆಯೊಳಗೆ ಎಲ್ಲಿ ಕುಂದು ಉಂಟೋ, ಬಿರುಕು ಉಂಟೋ, ಅಲ್ಲಿ ಆ ಎಳೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಹಿಡಿತವೇ ಬಿಲ್ಲೆಯನ್ನು ಬೀಳಗೊಡದ್ದು. "ಹಾಗಾದರೆ ಕುಂದಿಲ್ಲದ ಬಿಲ್ಲೆ ಮಾಡಿದರೆ?" ಎಂದು ನಾನು ಕೇಳಿದೆ. "ಹಿಡಿಯುವುದಿಲ್ಲ, ಜಾರಿ ಬೀಳ್ತದೆ" ಎಂದೆ ನೀನು. ಆ ಕುಂದಿನ ಬಿಲ್ಲೆಗಳ ಮೇಲೆಯೇ ನೀನು ಆ ಗೈಡ್ ಸರ್ ಹತ್ತಿರ ಪಿಎಚ್.ಡಿ.ಗೆ ಸೇರಿದ್ದು. ದಿನವಿಡೀ ಪಾಠ, ಸಂಜೆ ಕುಲುಮೆ, ಶುಕ್ರವಾರ ಮಾತ್ರ ಸಂಜೆಗೆ ನೇರ ಮನೆಗೆ. ಎಂಟು ವರ್ಷ ಹಿಡಿಯಿತು. ಅಷ್ಟು ವರ್ಷದಲ್ಲಿ ಆ ಮನುಷ್ಯ ಎಷ್ಟು ಬಿಲ್ಲೆ ಬೇಯಿಸಿದ್ದಾರೆ, ಹೇಳು ನೋಡುವ?

ಡಾಕ್ಟರ್ ಜುಬೈದಾ ಆದ ಮರುವರ್ಷ ನೀನು ಬಂದದ್ದು ಸುಗ್ಗಿ ತಿಂಗಳ ಒಂದು ಸೆಕೆಯ ಮಧ್ಯಾಹ್ನ. ನಾನು ಅಕ್ಕಿ ಕೇರುತ್ತಿದ್ದೆ, ನೀನು ಎದುರು ಕುಳಿತು ಕಲ್ಲು ಹೆಕ್ಕುತ್ತಿದ್ದೆ. ಹೊಸ ಬಗೆಯ ಕಂಪ್ಯೂಟರ್ ಮಾಡಲು ಲೋಕವಿಡೀ ಜನ ಹೊರಟಿದ್ದಾರೆ ಎಂದು ನೀನು ಹೇಳಿದೆ. ಈಗಿನ ಕಂಪ್ಯೂಟರಿಗೆ ಸೊನ್ನೆ ಮತ್ತು ಒಂದು, ಎರಡೇ ಮಾತು ಗೊತ್ತು. ಹೊಸದರಲ್ಲಿ ಒಂದೇ ಕಣ ಸೊನ್ನೆಯೂ ಆಗಿ ಒಂದೂ ಆಗಿ, ನಾವು ನೋಡುವವರೆಗೆ ಎರಡೂ ಆಗಿಯೇ ಇರಬೇಕು. ಅದಕ್ಕೆ ಕ್ವಾಂಟಂ ಬಿಟ್ ಎನ್ನುತ್ತಾರೆ. ಬಿಲ್ಲೆಯ ಬದಲು ತೆಳು ಪೊರೆ ಮಾಡಿ, ಅದರಲ್ಲಿ ಬೇಕೆಂದೇ ಗುಂಡಿ ಕೊರೆದು, ಒಂದೇ ಒಂದು ಕಾಂತದ ಎಳೆಯನ್ನು ಎರಡು ಗುಂಡಿಯ ನಡುವೆ ಸಿಕ್ಕಿಸಿದರೆ? ಈ ಗುಂಡಿಯಲ್ಲಿದ್ದರೆ ಸೊನ್ನೆ, ಆ ಗುಂಡಿಯಲ್ಲಿದ್ದರೆ ಒಂದು. "ಎರಡರಲ್ಲೂ ಇರುವ ಹಾಗೆ ಮಾಡುವುದು ಹೇಗೆ ಅಂತ ಗೊತ್ತಾಗುದಿಲ್ಲ ವಸಂತಿ."

"ಅದು ನಮ್ಮ ಮುಚ್ಚಿದ ಗುಂಡಿ ಅಲ್ವಾ?" ಎಂದೆ ನಾನು. ಆಡಿದ ಮಾತಷ್ಟೇ. ನಾನು ಅಕ್ಕಿ ನೋಡುತ್ತಿದ್ದೆ.

ನಿನ್ನ ಕೈ ಗೆರಸೆಯಲ್ಲೇ ನಿಂತಿತು. "ಮಣೆ ಎಲ್ಲಿ ಉಂಟು? ತೆಗಿ" ಎಂದೆ. ಅಮ್ಮ ತೀರಿದ ಮೇಲೆ ಮಣೆ ನಮ್ಮಲ್ಲಿಗೆ ಬಂದಿತ್ತು. ಆದರೆ ಆಟಿ ಬಿಟ್ಟು ಬೇರೆ ತಿಂಗಳಲ್ಲಿ ಚೆನ್ನೆಮಣೆ ಇಳಿಸಬಾರದು, ಮನೆಗೆ ಒಳ್ಳೆಯದಲ್ಲ. ಇಳಿಸುವುದಿಲ್ಲ ಎಂದೆ ನಾನು. ನೀನು ಡಾಕ್ಟರೇಟ್ ಆದವಳು, ನನ್ನನ್ನು ನೋಡಿ ನಗಬಹುದಿತ್ತು. ನಗಲಿಲ್ಲ. "ರಂಜಾನ್ ನೋಂಬಿನಲ್ಲಿ ನನಗೆ ಯಾರಾದರೂ ನೀರು ಕುಡಿ ಅಂದರೆ ನಾನು ಕುಡೀತೇನಾ? ಬೇಡ ಬಿಡು" ಎಂದು ಚೀಲದಿಂದ ನೋಟುಬುಕ್ ತೆಗೆದು ಮಣೆಯನ್ನು ನೆನಪಿನಿಂದಲೇ ಬಿಡಿಸಿದೆ. ಹದಿಮೂರು ಗುಂಡಿ, ಮೂಲೆಯದಕ್ಕೆ ಓರೆ ಗೆರೆ. ಕೆಳಗೆ ಕನ್ನಡದಲ್ಲಿ ನಮ್ಮ ನಿಯಮ. ಅದರ ಕೆಳಗೆ ನನ್ನ ಹೆಸರು. ಆಮೇಲೆ ಇಂಗ್ಲಿಷಿನಲ್ಲಿ ಲೆಕ್ಕ, ಪುಟಗಟ್ಟಲೆ. ಎರಡು ಗುಂಡಿಯ ನಡುವೆ ಬೇಕೆಂದೇ ಅರೆಮುಚ್ಚಿದ ಒಂದು ಜಾಗ, ಎಳೆ ಅಲ್ಲಿ ಇಬ್ಬರದೂ ಆಗುವುದು. ಮಗ್ರಿಬಿನ ನಮಾಜಿನ ಹೊತ್ತಾಯಿತು ಎಂದು ನಾನೇ ನೆನಪಿಸಿ ಚಾಪೆ ಹಾಕಿಕೊಡಬೇಕಾಯಿತು.

ಆ ನೋಟುಬುಕ್ ಹಿಡಿದುಕೊಂಡು ನೀನು ಗೈಡ್ ಸರ್ ಹತ್ತಿರ ಹೋದದ್ದು ಮುಂದಿನ ವಾರ. ತಿರುಗಿ ಬರುವಾಗ ನಿನ್ನ ಮುಖ ನೋಡಿದ್ದೆ ನಾನು. "ಇದೆಲ್ಲ ಅಡುಗೆಮನೆ ಮಾತು, ನೀವು ಬಿಲ್ಲೆ ಬೇಯಿಸಿ ಕಳಿಸಿ ಸಾಕು" ಎಂದರಂತೆ. ಎಂದವರು ನೋಟುಬುಕ್ ಮಾತ್ರ ಎರಡು ತಿಂಗಳು ಇಟ್ಟುಕೊಂಡರು. ಅಡುಗೆಮನೆ ಮಾತನ್ನು ಎರಡು ತಿಂಗಳು ಓದುವುದು ಎಂತಕ್ಕೆ? ಆ ಪ್ರಶ್ನೆ ನಿನಗೆ ಬರಲಿಲ್ಲವಾ ಜುಬೈದಾ? ಬಂದಿತ್ತು. ನೀನು ನುಂಗಿದೆ.

ಎಷ್ಟೋ ವರ್ಷದ ಮೇಲೆ, ಮಂಗಳೂರಿನ ಆಸ್ಪತ್ರೆಯಲ್ಲಿ ನಿನ್ನ ಕಿಡ್ನಿಗೆ ಮೆಷಿನ್ ಹಾಕಿದ್ದ ದಿನ ನಾನು ಪಕ್ಕದಲ್ಲಿ ಕುಳಿತಿದ್ದೆ. ದೂರದ ಯಾವುದೋ ಊರಿನ ಸಮ್ಮೇಳನದ ಹಾಳೆಯನ್ನು ಯಾರೋ ನಿನಗೆ ಕಳಿಸಿದ್ದರು. ಅದರಲ್ಲಿ ಗೈಡ್ ಸರ್ ಹೆಸರು, ಅದರ ಕೆಳಗೆ ನಿನ್ನ ಗುಂಡಿ, ನಿನ್ನ ಎಳೆ. ನಿನ್ನ ಹೆಸರಿಲ್ಲ. ಬರೆ, ಈಗಲೇ ಬರೆ, ನಾನು ಅಂಚೆಗೆ ಹಾಕುತ್ತೇನೆ ಎಂದೆ. ನೀನು ಕಣ್ಣು ಮುಚ್ಚಿಕೊಂಡು, "ಬಿಡು ವಸಂತಿ, ಅಲ್ಲಾಹನಿಗೆ ಗೊತ್ತುಂಟು" ಎಂದೆ. ನಿನ್ನ ತೋಳಿನಲ್ಲಿ ಸೂಜಿ ಇತ್ತು, ಅದಕ್ಕೆ ನಾನು ಬಾಯಿ ಮುಚ್ಚಿದೆ. ಇವತ್ತು ಮುಚ್ಚುವುದಿಲ್ಲ. ದೇವರಿಗೆ ಗೊತ್ತುಂಟು ಎಂದು ನನಗೂ ಗೊತ್ತುಂಟು. ಐವತ್ತು ವರ್ಷದಲ್ಲಿ ಒಂದು ದಿನ ದೀಪ ತಪ್ಪಿಸಿದವಳಲ್ಲ ನಾನು. ಆದರೆ ದೇವರಿಗೆ ಗೊತ್ತಿರುವುದು ನಮ್ಮ ಸಮಾಧಾನಕ್ಕೆ. ಕದ್ದವನ ಅನುಕೂಲಕ್ಕೆ ಅಲ್ಲ. ದೇವರಿಗೆ ಗೊತ್ತು ಎಂದು ಗದ್ದೆಗೆ ಬೇಲಿ ಹಾಕದೆ ಬಿಡುತ್ತೇವಾ? ನಿನ್ನ ತಂದೆ, ದೇವರಿಗೆ ಗೊತ್ತು ಎಂದು ಬಟ್ಟೆಯನ್ನು ಅಳೆಯದೆ ಕೊಟ್ಟರಾ? ಎಲ್ಲ ಲೆಕ್ಕವನ್ನೂ ಬರೆದಿಟ್ಟವಳು ಇದು ನನ್ನದು ಎಂಬ ಒಂದು ಸಾಲು ಬರೆದಿದ್ದರೆ...

ನಿನ್ನ ಸಂತಾಪ ಸಭೆಗೆ ಆ ಮನುಷ್ಯ ಬಂದಿದ್ದರು, ಗೊತ್ತುಂಟಾ? ಬಿಳಿ ಅಂಗಿ, ಕೈಯಲ್ಲಿ ಹೂ. ಕಾಲೇಜಿನ ಹಾಲ್‌ನಲ್ಲಿ ನಿನ್ನ ಫೋಟೋದ ಎದುರು ನಿಂತು, "ತುಂಬ ವಿಧೇಯ ವಿದ್ಯಾರ್ಥಿನಿ. ಸ್ಯಾಂಪಲ್ ಬೇಯಿಸುವುದರಲ್ಲಿ ಅವರ ಕೈ ಬಹಳ ಒಳ್ಳೆಯದು" ಎಂದರು. ಮದುವೆಮನೆಯಲ್ಲಿ ಅಡುಗೆಯವರನ್ನು ಹೊಗಳುವ ಹಾಗೆ. ಎಲ್ಲರೂ ತಲೆಯಾಡಿಸಿದರು. ನಾನೂ ಸುಮ್ಮನೆ ಕುಳಿತೆ, ಸಾವಿನ ಸಭೆ ಎಂದು. ಆ ಸುಮ್ಮನೆ ಕುಳಿತದ್ದು ನನ್ನನ್ನು ಮೂರು ವರ್ಷ ಚುಚ್ಚಿತು.

ನೀನು ತೀರಿದ ನಲ್ವತ್ತನೆಯ ದಿನ ಕಳೆದ ಮೇಲೆ ನಿನ್ನ ತಮ್ಮ ಲತೀಫ್ ನಮ್ಮ ಮನೆಗೆ ಬಂದು ಆ ನೋಟುಬುಕ್ ಕೊಟ್ಟ. "ವಸಂತಿಯಕ್ಕ, ಇದರಲ್ಲಿ ನಿಮ್ಮ ಹೆಸರು ಉಂಟು. ನಮ್ಮ ಮನೆಯಲ್ಲಿ ಯಾರಿಗೂ ಅರ್ಥ ಆಗುದಿಲ್ಲ" ಎಂದ. ನನಗೆ ಅರ್ಥವಾಗುತ್ತದೆ ಎಂದು ಅವನಿಗೆ ಯಾರು ಹೇಳಿದರೋ. ದೇವರ ಕೋಣೆಯಲ್ಲಿ ಪಂಚಾಂಗದ ಪಕ್ಕ ಇಟ್ಟೆ. ಕಳೆದ ತಿಂಗಳು ಲತೀಫ್ ಅಂಗಡಿಯಿಂದ ಫೋನ್ ಮಾಡಿದ. ಗೈಡ್ ಸರ್ ಮೂಡುಬಿದಿರೆಗೆ ಉಪನ್ಯಾಸಕ್ಕೆ ಬರುತ್ತಾರಂತೆ, ಆ ನೋಟುಬುಕ್ ಇದ್ದರೆ ತಮ್ಮ ವಿಭಾಗಕ್ಕೆ ಬೇಕು ಎಂದು ಕೇಳಿದ್ದಾರಂತೆ.

"ಕೊಟ್ಟುಬಿಡುವ ಅಕ್ಕ. ದೊಡ್ಡ ಮನುಷ್ಯರು ಬಾಯಿಬಿಟ್ಟು ಕೇಳುವಾಗ ಇಲ್ಲ ಅಂತ ಹೇಗೆ ಹೇಳುವುದು? ಇಲ್ಲಿದ್ದರೆ ಗೆದ್ದಲು ತಿಂತದೆ."

"ಗೆದ್ದಲು ತಿಂದರೆ ಕಾಗದ ಮಾತ್ರ ಹೋಗ್ತದೆ ಲತೀಫ್. ನೀನು ಗುರುವಾಯನಕೆರೆಯಿಂದ ಬಸ್ಸು ಹತ್ತು. ಅವರು ಎಂತ ಹೇಳ್ತಾರೆ ಅಂತ ಕೇಳಿ ಬರುವ, ಕೊಡುವುದು ಬಿಡುವುದು ಆಮೇಲೆ."

ಉಪನ್ಯಾಸದ ದಿನ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತೆವು. ನೋಟುಬುಕ್ ನನ್ನ ಸೊಂಟದ ಹತ್ತಿರ, ಸೆರಗಿನ ಒಳಗೆ. ಊರವರೂ ಬಂದಿದ್ದಾರೆ ಎಂದು ಸರ್ ಕನ್ನಡದಲ್ಲೇ ಮಾತಾಡಿದರು; ಚೆಂದ ಮಾತಾಡುತ್ತಾರೆ, ಇಲ್ಲ ಎನ್ನುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಪರದೆಯಲ್ಲಿ ಒಂದು ಚಿತ್ರ ಬಿತ್ತು. ಚೆನ್ನೆಮಣೆ. "ನಿಮ್ಮ ಕರಾವಳಿಯ ಪುರಾತನ ಆಟ ಇದು. ಇದರಲ್ಲಿ ಒಂದು ಗುಂಡಿ ಮುಚ್ಚಿರುತ್ತದೆ. ಅಲ್ಲಿಗೆ ಬಂದ ಬೀಜ ಇಬ್ಬರದೂ. ಈ ಆಟವನ್ನು ನೋಡಿದಾಗ ನನಗೆ ಥಟ್ಟನೆ ಹೊಳೆಯಿತು" ಎಂದರು.

ನಾನು ಎಣಿಸಿದೆ. ಹದಿಮೂರು. ಇನ್ನೊಮ್ಮೆ ಎಣಿಸಿದೆ. ಮೂಲೆಯದಕ್ಕೆ ನೀನು ಎಳೆದ ಹಾಗೆಯೇ ಓರೆ ಗೆರೆ. ನನ್ನ ಜನ್ಮದಲ್ಲಿ ಕಾಲೇಜಿನೊಳಗೆ ಮಾತಾಡಿದವಳಲ್ಲ. ಆದರೂ ಎದ್ದು ನಿಂತೆ.

"ಸರ್, ಆ ಆಟವನ್ನು ಎಲ್ಲಿ ನೋಡಿದ್ದು ನೀವು?"

"ಇಲ್ಲೇ ಅಮ್ಮ, ನಿಮ್ಮ ಕಡೆ. ಹಳ್ಳಿಯಲ್ಲಿ."

"ಯಾವ ಹಳ್ಳಿ? ಚೆನ್ನೆಮಣೆಗೆ ಹದಿನಾಲ್ಕು ಗುಂಡಿ ಸರ್. ಇಲ್ಲಿ ಕುಳಿತ ಮಕ್ಕಳನ್ನು ಕೇಳಿ."

ಮಕ್ಕಳು "ಹದಿನಾಲ್ಕು, ಹದಿನಾಲ್ಕು" ಎಂದು ಗುಜುಗುಜು ಮಾಡಿದರು. ಯಾರೋ ಕಿಸಕ್ಕನೆ ನಕ್ಕರು. ಸರ್ ನೀರು ಕುಡಿದು, "ಊರಿಂದ ಊರಿಗೆ ಆಟ ಸ್ವಲ್ಪ ಬೇರೆ ಇರ್ತದೆ ಅಮ್ಮ. ಇದು ಉದಾಹರಣೆ ಅಷ್ಟೆ" ಎಂದರು.

"ಹದಿಮೂರು ಗುಂಡಿಯ ಊರು ಒಂದೇ ಉಂಟು ಸರ್, ಅದು ನನ್ನ ಅಪ್ಪನ ಮನೆ. ಆ ಗುಂಡಿ ಮುಚ್ಚಿದ್ದು ನನ್ನ ಅಪ್ಪ, ಹಲಸಿನ ಮೇಣ ಹಾಕಿ. ಬೀಜ ಇಬ್ಬರದೂ ಅಂತ ನಿಯಮ ಮಾಡಿದ್ದು ಜುಬೈದಾ. ನೀವು ನಮ್ಮ ಮನೆಗೆ ಬಂದವರಲ್ಲ. ಇದು ನಿಮಗೆ ಹೊಳೆದದ್ದು ಹೇಗೆ?"

ನೋಟುಬುಕ್ ತೆಗೆದು ಆ ಪುಟ ಬಿಡಿಸಿ ಎತ್ತಿ ಹಿಡಿದೆ. ಅಷ್ಟು ದೂರದಿಂದ ಯಾರಿಗೆ ಕಾಣುತ್ತದೆ? ಆದರೂ ಹಿಡಿದೆ. ಮುಂದಿನ ಸಾಲಿನಿಂದ ಪ್ರಿನ್ಸಿಪಾಲರು ಎದ್ದು, "ಪ್ರಶ್ನೆಗಳು ಆಮೇಲೆ ಆಗಲಿ, ಈಗ ಎಲ್ಲರಿಗೂ ಚಾ ಉಂಟು" ಎಂದು ಲೈಟ್ ಹಾಕಿಸಿದರು. ಮರ್ಯಾದೆ ಹೋಗುವ ಹೊತ್ತಿಗೆ ನಮ್ಮ ಊರಿನಲ್ಲಿ ಯಾವಾಗಲೂ ಚಾ ಬರುತ್ತದೆ.

ಚಾ ಕುಡಿಯುವಾಗ ಸರ್ ನನ್ನ ಕಡೆ ನೋಡದೆ ಲತೀಫನ ಹೆಗಲಿಗೆ ಕೈ ಹಾಕಿದರು. "ನಿಮ್ಮ ಅಕ್ಕನ ಹೆಸರನ್ನು ಮುಂದಿನ ಲೇಖನದ ಕೊನೆಗೆ ಹಾಕ್ತೇನೆ. ಸ್ಯಾಂಪಲ್ ತಯಾರಿಗೆ ನೆರವಾದದ್ದಕ್ಕೆ ಕೃತಜ್ಞತೆ ಅಂತ. ಪುಸ್ತಕ ಕೊಟ್ಟುಬಿಡಿ" ಎಂದರು. ನಿನ್ನ ತಮ್ಮ ಹೆದರುಪುಕ್ಕಲ ಎಂದು ನೀನು ಯಾವಾಗಲೂ ಬೈಯುತ್ತಿದ್ದೆಯಲ್ಲ, ಕೇಳು. ಅವನು ಚಾದ ಲೋಟ ಕೆಳಗಿಟ್ಟು, "ಸರ್, ನಮ್ಮ ಅಂಗಡಿಯಲ್ಲಿ ಒಬ್ಬರ ಬಟ್ಟೆಯ ಥಾನಿನಿಂದ ಕತ್ತರಿಸಿ ಇನ್ನೊಬ್ಬರ ಚೀಟಿ ಅಂಟಿಸುವ ಕ್ರಮ ಇಲ್ಲ. ಪುಸ್ತಕ ವಸಂತಿಯಕ್ಕನ ಹತ್ರ ಉಂಟು, ಅವರನ್ನೇ ಕೇಳಿ" ಎಂದ. ಸರ್ ನನ್ನನ್ನು ಕೇಳಲಿಲ್ಲ. ಕಾರು ಹತ್ತಿದರು.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. "ಇಪ್ಪತ್ತೈದು ವರ್ಷ ಹೋರಿ ದನ ಅಂತ ತಿರುಗಿದವ ನಾನು, ಮೂಗುದಾರ ಹಾಕಿದ್ದು ನೀನು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹಾಲ್‌ನಲ್ಲಿ ನಾಲ್ಕು ಮಕ್ಕಳು ನಕ್ಕ ಮಾತ್ರಕ್ಕೆ ಎಂತ ಆಯಿತು? ಅವರ ಲೇಖನ ಅವರ ಹೆಸರಿನಲ್ಲಿಯೇ ಉಂಟು. ನಿನ್ನ ಹೆಸರು ಎಲ್ಲಿಯೂ ಇಲ್ಲ. ಪಂಚಾಂಗದ ಪಕ್ಕ ಇದ್ದರೆ ಅದು ಇದ್ದ ಹಾಗೆಯಾ?

ಮೂರನೆಯ ದಿನ ಪ್ರಮೀಳಾ ಮೇಡಂ ನಮ್ಮ ಮನೆ ಹುಡುಕಿಕೊಂಡು ಬಂದರು. ಈಗ ನಿನ್ನ ಕುರ್ಚಿಯಲ್ಲಿ ಕುಳಿತು ಪಾಠ ಮಾಡುವವರು, ಬಂಟ್ವಾಳದ ಕಡೆಯ ಹುಡುಗಿ, ಮೂವತ್ತು ಆಗಿರಲಿಕ್ಕಿಲ್ಲ. ಅವತ್ತು ಹಾಲ್‌ನಲ್ಲಿ ಇದ್ದರಂತೆ. ನೋಟುಬುಕ್ ಓದಬಹುದಾ ಎಂದು ಕೇಳಿದರು. ಮನೆಯಿಂದ ಹೊರಗೆ ಕೊಡುವುದಿಲ್ಲ, ಇಲ್ಲೇ ಕುಳಿತು ಓದಿ ಎಂದೆ. ಒಮ್ಮೆ ಎರಡು ತಿಂಗಳಿಗೆ ಕೊಟ್ಟು ಆಗಿದೆಯಲ್ಲ. ಮೂರು ಭಾನುವಾರ ನಮ್ಮ ಜಗಲಿಯಲ್ಲಿ ಕುಳಿತು ಓದಿ, ಬರೆದುಕೊಂಡು, ಕೊನೆಯ ದಿನ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು.

"ಎಂತ ಮೇಡಂ?"

"ಅಕ್ಕ, ಯೋಚನೆ ಇವರದ್ದೇ, ಸಂಶಯ ಇಲ್ಲ. ಪುಟ ಪುಟಕ್ಕೂ ತಾರೀಕು ಹಾಕಿದ್ದಾರೆ. ಆದರೆ..." ಪುಸ್ತಕವನ್ನು ಮತ್ತೆ ಬಿಡಿಸಿದರು. "ಮೂವತ್ತೊಂದನೇ ಪುಟದಲ್ಲಿ ಒಂದು ತಪ್ಪು ಉಂಟು. ಆ ಎಳೆ ಇವರು ಎಣಿಸಿದ್ದಕ್ಕಿಂತ ಭಾರ. ಎರಡೂ ಕಡೆ ಇರುವ ಗುಣ ಗುಂಡಿಗಳ ನಡುವಿನ ಗೋಡೆ ದಾಟುವುದರೊಳಗೆ ಹೋಗಿಬಿಡ್ತದೆ. ಹೀಗೆ ಮಾಡಿದರೆ ಕ್ವಾಂಟಂ ಬಿಟ್ ಬಹುಶಃ ಆಗುದಿಲ್ಲ."

ಇಷ್ಟೆಲ್ಲ ಜಗಳ ಮಾಡಿ ತಂದದ್ದು ತಪ್ಪು ಲೆಕ್ಕವಾ? "ಆ ಸರ್ ಅದನ್ನು ಸರಿ ಮಾಡಿದ್ದಾರಾ?" ಎಂದು ಕೇಳಿದೆ.

"ಇಲ್ಲ. ಅವರೂ ಹಾಗೆಯೇ ಇಳಿಸಿಕೊಂಡಿದ್ದಾರೆ." ಆಮೇಲೆ, "ನಾನು ತಿದ್ದಿ ಒಂದು ಪತ್ರಿಕೆಗೆ ಕಳಿಸಬಹುದು. ಆದರೆ ತಿದ್ದಿದರೆ ನನ್ನ ಹೆಸರೂ ಹಾಕಬೇಕಾಗ್ತದೆ. ಇಲ್ಲದಿದ್ದರೆ ಇದ್ದ ಹಾಗೆ ಜುಬೈದಾ ಮೇಡಂ ಹೆಸರಿನಲ್ಲಿಯೇ ಕಳಿಸಿ, ತಪ್ಪು ಎಲ್ಲಿ ಅಂತ ನಾನು ಬೇರೆ ಹಾಳೆಯಲ್ಲಿ ಬರೆಯಬಹುದು. ಹಾಗೆ ಕಳಿಸಿದರೆ ಓದಿದವರು, ಈ ಹೆಂಗಸು ತಪ್ಪಿದ್ದಾಳೆ ಅಂತ ಹೇಳಬಹುದು. ಅದು ನಿಮಗೆ ಬೇಸರ ಆಗುದಿಲ್ಲವಾ?" ಎಂದರು.

ಒಳ್ಳೆಯ ಹುಡುಗಿ ಜುಬೈದಾ. ನಿನ್ನ ಕುರ್ಚಿ ಒಳ್ಳೆಯವರ ಕೈಗೆ ಸಿಕ್ಕಿದೆ. ಆದರೂ ನಾನು ದೇವರ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ನಿನ್ನ ಪರವಾಗಿ ತೀರ್ಮಾನ ಮಾಡಲು ನನಗೆ ಎಂತ ಹಕ್ಕು? ನೀನಿದ್ದರೆ ಬಿಡು ಎನ್ನುತ್ತಿದ್ದೆ. ನೀನಿಲ್ಲ. ಇರುವವಳು ನಾನು.

"ಇದ್ದ ಹಾಗೆಯೇ ಕಳಿಸಿ ಮೇಡಂ" ಎಂದೆ. "ಅವಳ ಸರಿಯನ್ನು ಆ ಸರ್ ತಮ್ಮದು ಅಂತ ಹೇಳಿಯಾಯ್ತು. ತಪ್ಪಾದರೂ ಅವಳದೇ ಆಗಿ ಇರಲಿ. ತಪ್ಪಿದ್ದಾಳೆ ಅಂತ ಹೇಳಲಿಕ್ಕಾದರೂ ಅವಳ ಹೆಸರು ಹೇಳಬೇಕಲ್ಲ."

ಮೇಡಂ ಎರಡು ವಾರ ಕುಳಿತು ಟೈಪ್ ಮಾಡಿದರು. ಕೊನೆಗೆ ಬರೆದವರ ವಿಳಾಸ ಕೇಳುವ ಜಾಗ ಬಂತಂತೆ. ಓದಿದವರಿಗೆ ಸಂಶಯ ಬಂದರೆ 'ಬರೆದವರನ್ನು' ಕೇಳಬೇಕು, ಅದು ಕ್ರಮ. ತೀರಿಹೋದವರಿಗೆ ಯಾವ ವಿಳಾಸ ಎಂದು ನನ್ನನ್ನು ಕೇಳಿದರು. ನಮ್ಮ ಮನೆಯದು ಹಾಕಿ ಎಂದೆ. ನನಗೆ ಬರುವ ಕಾಗದದಲ್ಲಿ ನನಗೆ ತಿಳಿಯುವುದು ನಿನ್ನ ಹೆಸರು ಮಾತ್ರ ಆಗಿರಬಹುದು. ತೊಂದರೆ ಇಲ್ಲ, ಮೇಡಂ ಉತ್ತರ ಬರೆಯುತ್ತಾರೆ, ನಾನು ಅಂಚೆಗೆ ಹಾಕುತ್ತೇನೆ. ಅಂಚೆಗೆ ಹಾಕುತ್ತೇನೆ ಎಂದು ನಾನು ಹೇಳಿದ್ದೆನಲ್ಲ ಆಸ್ಪತ್ರೆಯಲ್ಲಿ.

ಮೊನ್ನೆ ಶುಕ್ರವಾರ ಕಳಿಸಿದೆವು. ನಿಮ್ಮ ದಿನ ಎಂದು ಶುಕ್ರವಾರವನ್ನೇ ನಾನು ಹೇಳಿದ್ದು. ಲತೀಫ್ ಜುಮ್ಮಾ ಮುಗಿಸಿ ನೇರ ಮೂಡುಬಿದಿರೆಗೆ ಬಂದ. ಅವರು ಅಚ್ಚು ಹಾಕುತ್ತಾರೋ, ಹಿಂದೆ ಕಳಿಸುತ್ತಾರೋ ಗೊತ್ತಿಲ್ಲ. ಹಿಂದೆ ಬಂದರೆ ಇನ್ನೊಂದು ಕಡೆಗೆ ಕಳಿಸುವುದೇ. ಲಕೋಟೆ ಅಂಟಿಸುವ ಮೊದಲು ಮೇಡಂ ಮೊದಲ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಂಚೆ ಕಚೇರಿಯ ಬೆಂಚಿನಲ್ಲಿ ಕುಳಿತು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ದೊಡ್ಡ ಅಕ್ಷರದಲ್ಲಿ ನಿನ್ನ ಹೆಸರು. ಅದರ ಮೇಲೆ ಯಾರೂ ಇಲ್ಲ, ಪಕ್ಕದಲ್ಲಿಯೂ ಯಾರೂ ಇಲ್ಲ.

ಪುತ್ತಿಗೆಯಿಂದ,
ನಿನ್ನ ವಸಂತಿ